ಪ್ರಭುದೇವರ ಪುರಾಣವನ್ನು ಓದಿಕೊಳ್ಳುವ ಬಗೆ



ಶ್ರಾವಣ ಮಾಸ ಬಂದಿತೆಂದರೆ ನಮ್ಮ ಕಡೆಯ ಊರೂರುಗಳಲ್ಲಿ ಪುರಾಣ ಹಚ್ಚುತ್ತಾರೆ. ಮಠದಲ್ಲಿಯೋ ಗುಡಿಯಲ್ಲಿಯೋ ಗ್ರಂಥವನ್ನು ಪೀಠದ ಮೇಲಿರಿಸಿ, ವಿಭೂತಿ ಹಚ್ಚಿ, ಪತ್ರಿ-ಪುಷ್ಪ ಏರಿಸಿ ಪುರಾಣಿಕರು ಪದ್ಯ ಹೇಳುತ್ತಾರೆ. ಗವಾಯಿಗಳು ಹಾಡುತ್ತಾರೆ. ಹೊಲದಿಂದ ಬಂದ ರೈತರು, ಅಡಿಗೆ ಮುಗಿಸಿ ಬಂದ ತಾಯಂದಿರು, ಶಾಲೆಯ ಮಕ್ಕಳು ಎಲ್ಲರೂ ಕೂಡಿ ಕೇಳುತ್ತಾರೆ. ತಿಂಗಳು ತುಂಬಿದ ಮೇಲೆ ಪುರಾಣ ಮಂಗಲ. ಗ್ರಂಥದ ಮೆರವಣಿಗೆ, ಹುಗ್ಗಿಯ ಪ್ರಸಾದ. ಇದು ಹಿರಿಯರು ನಮಗೆ ಬಿಟ್ಟುಹೋದ ಬಹು ಒಳ್ಳೆಯ ಸಂಪ್ರದಾಯ. ಇದು ನಿಲ್ಲಬಾರದು.

ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಪುರಾಣ ಮಂಗಲವಾದ ಮರುದಿನ ನಮ್ಮಲ್ಲಿ ಏನು ಉಳಿಯಿತು? ತಿಂಗಳುಗಟ್ಟಲೆ ಪ್ರಭುದೇವರ ವೈರಾಗ್ಯದ ಕಥೆ ಕೇಳಿದ ಅಣ್ಣ-ತಮ್ಮಂದಿರು ಮರುದಿನ ಒಂದು ಮೊಳದ ಬದುವಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಅಕ್ಕಮಹಾದೇವಿಯ ಕಥೆಗೆ ಕಣ್ಣೀರು ಹಾಕಿದ ಅತ್ತೆ ಮನೆಗೆ ಬಂದು ಸೊಸೆಯನ್ನು ನೋಯಿಸುತ್ತಾಳೆ. ಹಾಗಾದರೆ ಪುರಾಣ ಎಲ್ಲಿಗೆ ಹೋಯಿತು? ಕಿವಿಯವರೆಗೆ ಬಂದು ಅಲ್ಲಿಯೇ ನಿಂತಿತು, ಒಳಗೆ ಇಳಿಯಲಿಲ್ಲ. ಏಕೆ ಇಳಿಯಲಿಲ್ಲವೆಂದರೆ, ಅದು ಯಾರದೋ ಕಥೆ, ಯಾವಾಗಲೋ ನಡೆದದ್ದು ಎಂದು ನಾವು ಕೇಳಿದೆವು. ನಮ್ಮದೇ ಕಥೆ, ಈಗಲೇ ನಡೆಯುತ್ತಿರುವುದು ಎಂದು ಕೇಳಲಿಲ್ಲ.

ಒಬ್ಬನ ಮುಖಕ್ಕೆ ಮಸಿ ಹತ್ತಿದೆಯೆಂದು ತಿಳಿಯಿರಿ. ಅವನ ಕೈಗೆ ಒಂದು ಕನ್ನಡಿ ಕೊಟ್ಟರು. ಅವನು ಆ ಕನ್ನಡಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಕೈಮುಗಿದು ಗೋಡೆಯ ಮಾಡಿನಲ್ಲಿಟ್ಟನು. ಇನ್ನೊಬ್ಬನ ಮುಖಕ್ಕೂ ಮಸಿ ಹತ್ತಿದೆ. ಅವನು ಸ್ವಲ್ಪ ಓದಿಕೊಂಡವನು; 'ಇದು ಬರಿಯ ಗಾಜು, ಹಿಂದುಗಡೆ ಪಾದರಸ ಬಳಿದಿದ್ದಾರೆ' ಎಂದು ಆಚೆ ಎಸೆದನು. ಮೂರನೆಯವನು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಮಸಿ ಕಂಡು, ನೀರಿನಿಂದ ತೊಳೆದುಕೊಂಡನು. ಮೂವರಲ್ಲಿ ಕನ್ನಡಿ ಯಾರಿಗೆ ಸಾರ್ಥಕವಾಯಿತು? ಪೂಜಿಸಿದವನ ಮಸಿಯೂ ಹೋಗಲಿಲ್ಲ, ಎಸೆದವನ ಮಸಿಯೂ ಹೋಗಲಿಲ್ಲ.

ಪುರಾಣವನ್ನು ಕೇವಲ ಪುಣ್ಯಕ್ಕಾಗಿ ಕೇಳುವವರು ಮೊದಲನೆಯವನಂತೆ. 'ಇದೆಲ್ಲ ಕಟ್ಟುಕಥೆ' ಎಂದು ನಗುವವರು ಎರಡನೆಯವನಂತೆ. ಇಬ್ಬರೂ ಬೇರೆ ಬೇರೆ ದಾರಿಯವರಂತೆ ಕಂಡರೂ ಇಬ್ಬರೂ ಮಾಡಿದ್ದು ಒಂದೇ: ಪುರಾಣವನ್ನು ಹೊರಗೇ ಉಳಿಸಿದರು. ನಾವು ಮೂರನೆಯವನಾಗಬೇಕು. ಅದು ಹೇಗೆಂಬುದನ್ನು ಪ್ರಭುದೇವರ ಕಥೆಯನ್ನೇ ಹಿಡಿದು ಈ ದಿವಸ ಸ್ವಲ್ಪ ವಿಚಾರ ಮಾಡೋಣ.

ಕವಿಯೇ ಕೊಟ್ಟ ಕೀಲಿಕೈ

'ಪ್ರಭುಲಿಂಗಲೀಲೆ'ಯನ್ನು ಬರೆದವನು ಚಾಮರಸ ಕವಿ. ವಿಜಯನಗರದಲ್ಲಿ ಪ್ರೌಢದೇವರಾಯನು ೧೪೨೪ರಿಂದ ೧೪೪೬ರವರೆಗೆ ರಾಜ್ಯವಾಳಿದನು; ಆ ಅರಸನ ಕಾಲದ ಕವಿ ಇವನು. ಭಾಮಿನಿ ಷಟ್ಪದಿಯಲ್ಲಿ ೨೫ ಗತಿಗಳು, ೧೧೧೧ ಪದ್ಯಗಳುಳ್ಳ ಗ್ರಂಥವಿದು. ನಮ್ಮ ಮಠಗಳಲ್ಲಿ ತಲೆಮಾರುಗಳಿಂದ ಪುರಾಣವಾಗಿ ಹೇಳುತ್ತ ಬಂದದ್ದು.

ಕಥೆ ನಿಮಗೆ ಗೊತ್ತಿದ್ದುದೇ. ಕೈಲಾಸದಲ್ಲಿ ಶಿವ-ಪಾರ್ವತಿಯರಿಗೆ ಒಂದು ಮಾತು ಬಂದಿತು. ಮಾಯೆಯ ಕೈಗೆ ಸಿಕ್ಕದವರು ಯಾರೂ ಇಲ್ಲವೆಂದು ದೇವಿ. ಅಲ್ಲಮನೊಬ್ಬನಿದ್ದಾನೆ ಎಂದು ಶಿವ. ಪರೀಕ್ಷೆಗಾಗಿ ದೇವಿಯು ತನ್ನ ತಾಮಸ ಕಳೆಯನ್ನು ಭೂಲೋಕಕ್ಕೆ ಕಳಿಸುತ್ತಾಳೆ. ಅದು ಬನವಸೆಯಲ್ಲಿ ಅರಸನ ಮಗಳಾಗಿ ಹುಟ್ಟುತ್ತದೆ. ಮಗಳ ಹೆಸರು ಮಾಯೆ. ತಂದೆಯಾದ ಅರಸನ ಹೆಸರು ಮಮಕಾರ. ತಾಯಿಯ ಹೆಸರು ಮೋಹಿನಿ. ಇತ್ತ ಅಲ್ಲಮನ ತಂದೆಯ ಹೆಸರು ನಿರಹಂಕಾರ. ತಾಯಿಯ ಹೆಸರು ಸುಜ್ಞಾನಿ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನು ಮದ್ದಳೆ ಬಾರಿಸುತ್ತಾನೆ. ಮಾಯೆ ಮೋಹಗೊಂಡು ಅವನನ್ನು ಹಿಡಿಯಹೋಗುತ್ತಾಳೆ. ಅವನು ಸಿಕ್ಕುವುದಿಲ್ಲ.

ಬನವಾಸಿ ಇಂದಿಗೂ ಇದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ, ವರದಾ ನದಿಯ ದಂಡೆಯ ಮೇಲೆ. ಮಧುಕೇಶ್ವರನ ಗುಡಿಯೂ ಇದೆ. ಅದು ಕದಂಬರ ರಾಜಧಾನಿಯಾಗಿದ್ದ ಊರು. ಆದರೆ ಕದಂಬ ಅರಸರ ಹೆಸರುಗಳಲ್ಲಿ ಮಮಕಾರನೆಂಬ ಅರಸನನ್ನು ಹುಡುಕಿದರೆ ಸಿಕ್ಕುವುದಿಲ್ಲ. ಹಾಗೆಂದು ಕವಿ ಸುಳ್ಳು ಹೇಳಿದನೇ? ಇಲ್ಲ. ಮಗಳಿಗೆ ಮಾಯೆ ಎಂದೂ ಆಕೆಯ ತಂದೆ-ತಾಯಿಗಳಿಗೆ ಮಮಕಾರ, ಮೋಹಿನಿ ಎಂದೂ ಹೆಸರಿಟ್ಟ ಕವಿ, ಈ ಕಥೆಯನ್ನು ಹೇಗೆ ಓದಬೇಕೆಂಬ ಕೀಲಿಕೈಯನ್ನು ಮೊದಲಿಗೇ ನಮ್ಮ ಕೈಗೆ ಕೊಟ್ಟಿದ್ದಾನೆ. ಮಮಕಾರನ ಅರಮನೆ ಎಲ್ಲಿದೆ? 'ನನ್ನದು' ಎಂಬ ಮಾತು ಎಲ್ಲಿ ಹುಟ್ಟುತ್ತದೆಯೋ ಅಲ್ಲಿದೆ. ನನ್ನ ಹೊಲ, ನನ್ನ ಮನೆ, ನನ್ನ ಮಗ, ನನ್ನ ಮಾತು, ಕೊನೆಗೆ ನನ್ನ ಮಠ, ನನ್ನ ಸ್ವಾಮಿಗಳು! ಈ 'ನನ್ನದು' ಎಂಬುದು ಮೋಹದ ಕೈಹಿಡಿದಾಗ ಮಾಯೆ ಹುಟ್ಟುತ್ತದೆ. ಅದು ಬನವಾಸಿಯಲ್ಲಿ ಒಂದು ಸಲ ಹುಟ್ಟಿದ್ದಲ್ಲ; ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಹುಟ್ಟುತ್ತದೆ.

ಅದರಂತೆಯೇ ಅಲ್ಲಮನ ಹುಟ್ಟು. 'ನಾನು' ಎಂಬುದು ಇಳಿದು, ಒಳ್ಳೆಯ ತಿಳಿವಳಿಕೆಯೊಡನೆ ಕೂಡಿದಾಗ ನಮ್ಮೊಳಗೆ ಅರಿವು ಹುಟ್ಟುತ್ತದೆ. ಬರಿಯ ತಿಳಿವಳಿಕೆ ಸಾಲದು. ಅಹಂಕಾರ ಉಳಿದಿದ್ದರೆ ತಿಳಿವಳಿಕೆಯಿಂದ ವಾದ ಹುಟ್ಟೀತು, ಅರಿವು ಹುಟ್ಟಲಾರದು. ಬರಿಯ ವಿನಯವೂ ಸಾಲದು. ತಿಳಿವಳಿಕೆ ಇಲ್ಲದ ವಿನಯ ಅಂಜಿಕೆಯಾದೀತು. ಎರಡೂ ಕೂಡಬೇಕು. ತಂದೆಯೂ ಬೇಕು, ತಾಯಿಯೂ ಬೇಕು.

ಇನ್ನು ಮದ್ದಳೆಯನ್ನು ನೋಡಿರಿ. ಮದ್ದಳೆಯವನು ತಾಳ ಕೊಡುತ್ತಾನೆ, ಕುಣಿಯುವವರು ಕುಣಿಯುತ್ತಾರೆ. ಅವನ ತಾಳವಿಲ್ಲದೆ ಕುಣಿತ ನಡೆಯದು. ಆದರೂ ಅವನು ತನ್ನ ಜಾಗ ಬಿಟ್ಟು ಏಳುವುದಿಲ್ಲ. ನಮ್ಮೊಳಗಿನ ಅರಿವೂ ಹೀಗೆಯೇ. ಅದರ ಬಲದಿಂದಲೇ ಕಣ್ಣು ನೋಡುತ್ತದೆ, ನಾಲಿಗೆ ನುಡಿಯುತ್ತದೆ, ಮನಸ್ಸು ಕುಣಿಯುತ್ತದೆ. ಅರಿವು ಮಾತ್ರ ಎಲ್ಲವನ್ನೂ ನೋಡುತ್ತ ತನ್ನಲ್ಲಿ ತಾನಿರುತ್ತದೆ. ಮನಸ್ಸು ಅದನ್ನು ಒಂದು ವಸ್ತುವಿನಂತೆ ಹಿಡಿಯಹೋದರೆ ಅದು ಸಿಕ್ಕುವುದಿಲ್ಲ. ಬೆಳಕನ್ನು ಮುಷ್ಟಿಯಲ್ಲಿ ಹಿಡಿಯಬಂದೀತೇ?

ಮಾಯೆ ಎಂದರೆ ಹೆಣ್ಣಲ್ಲ

ಇಲ್ಲಿ ಒಂದು ಮಾತನ್ನು ನಾವು ಬಹಳ ಸ್ಪಷ್ಟವಾಗಿ ಹೇಳಬೇಕಾಗಿದೆ. ಈ ಪುರಾಣವನ್ನು ಮೇಲು ಮೇಲೆ ಕೇಳಿದವರು ಒಂದು ಕೆಟ್ಟ ಅರ್ಥವನ್ನು ಹೊತ್ತುಕೊಂಡು ಹೋಗುವುದುಂಟು. 'ಹೆಣ್ಣೇ ಮಾಯೆ; ಆದ್ದರಿಂದ ಹೆಣ್ಣು ಕೀಳು' ಎಂಬುದೇ ಆ ಅರ್ಥ. ಪುರಾಣ ಕೇಳಲು ಬಂದ ತಾಯಿ ಈ ಮಾತು ಕೇಳಿ ತಲೆ ತಗ್ಗಿಸಿ ಕುಳಿತುಕೊಳ್ಳಬೇಕೇನು? ಅದಕ್ಕಿಂತ ದೊಡ್ಡ ಅನ್ಯಾಯ ಶರಣರಿಗೆ ನಾವು ಮಾಡಲಾರೆವು.

ಕವಿ ಹೇಳಿದ್ದನ್ನು ಪೂರ್ತಿ ಕೇಳಬೇಕು. ದೇವಿಯ ತಾಮಸ ಕಳೆ ಸೋತು ಹಿಂದಿರುಗಿದ ಮೇಲೆ ಏನಾಯಿತು? ಅದೇ ದೇವಿಯ ಸಾತ್ತ್ವಿಕ ಕಳೆ ಭೂಲೋಕಕ್ಕೆ ಬಂದಿತು. ಅದೇ ಉಡುತಡಿಯ ಅಕ್ಕಮಹಾದೇವಿ. ಮಾಯೆ ಯಾವ ತಾಯಿಯ ಅಂಶವೋ ಮಹಾದೇವಿಯಕ್ಕನೂ ಆ ತಾಯಿಯ ಅಂಶವೇ. ಶಕ್ತಿ ಒಂದೇ. ಅದು ಹೊರಗೆ ಮುಖ ಮಾಡಿ 'ನನಗೆ ಬೇಕು, ನನಗೆ ಬೇಕು' ಎಂದು ಓಡಿದಾಗ ಮಾಯೆ. ಒಳಮುಖವಾಗಿ ಲಿಂಗದ ಕಡೆಗೆ ತಿರುಗಿದಾಗ ಅಕ್ಕ. ನಮ್ಮ ಷಟ್‌ಸ್ಥಲ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಮಗ್ಗೆಯ ಮಾಯಿದೇವರ 'ಅನುಭವಸೂತ್ರ'ದಲ್ಲಿ ಲಿಂಗದಲ್ಲಿರುವುದು ಶಕ್ತಿ, ಅಂಗದಲ್ಲಿರುವುದು ಭಕ್ತಿ ಎಂಬ ವಿವರಣೆಯಿದೆ. ಒಂದಾಗಿದ್ದುದನ್ನು ಹಲವಾಗಿಸಿ ಪ್ರಪಂಚಕ್ಕೆ ತರುವುದು ಶಕ್ತಿ. ಹಲವಾದುದನ್ನು ಮತ್ತೆ ಒಂದರ ಕಡೆಗೆ ತಿರುಗಿಸುವುದು ಭಕ್ತಿ. ಹೊಳೆಯ ನೀರು ಒಂದೇ; ಕಾಲುವೆಯನ್ನು ಯಾವ ಕಡೆಗೆ ತಿರುಗಿಸಿದ್ದೇವೆ ಎಂಬುದೇ ಪ್ರಶ್ನೆ.

ಪ್ರಭುದೇವರಾದರೂ ತಮ್ಮ ಪ್ರಸಿದ್ಧ ವಚನವೊಂದರಲ್ಲಿ, ಲೋಕವು ಮಾಯೆಯೆಂದು ಬೆರಳು ಮಾಡಿ ತೋರಿಸುವ ಹೊರಗಿನವುಗಳನ್ನು ಮಾಯೆಯಲ್ಲವೆಂದು ತಳ್ಳಿಹಾಕಿ, ದೋಷವನ್ನು ಬಯಸುವ ಮನಸ್ಸಿನ ಮೇಲೆಯೇ ಹೊರಿಸಿದ್ದಾರೆ. ಆದ್ದರಿಂದ 'ಮಾಯೆ' ಎಂಬ ಪಾತ್ರ ಬಂದಾಗ ಗಂಡಸರು ಪಕ್ಕದಲ್ಲಿ ಕುಳಿತ ಹೆಣ್ಣುಮಕ್ಕಳ ಕಡೆ ನೋಡಬಾರದು. ತಮ್ಮ ಎದೆಯ ಕಡೆ ನೋಡಿಕೊಳ್ಳಬೇಕು. ಹೆಣ್ಣುಮಕ್ಕಳೂ ಅಷ್ಟೇ. ಅಲ್ಲಮ ಗಂಡಲ್ಲ, ಮಾಯೆ ಹೆಣ್ಣಲ್ಲ. ಇಬ್ಬರೂ ನಮ್ಮೆಲ್ಲರೊಳಗೂ ಇದ್ದಾರೆ.

ಇಬ್ಬರು ಕವಿಗಳು, ಎರಡು ಕಥೆಗಳು

ಓದಿಕೊಂಡ ಭಕ್ತರು ಇಲ್ಲೊಂದು ಸಂಶಯವನ್ನು ಎತ್ತಬಹುದು. 'ಬುದ್ಧೀ, ಹರಿಹರ ಕವಿಯ ಪ್ರಭುದೇವರ ರಗಳೆಯಲ್ಲಿ ಕಥೆ ಬೇರೆಯೇ ಇದೆಯಲ್ಲ? ಯಾವುದು ನಿಜ?' ಎಂದು. ಒಳ್ಳೆಯ ಪ್ರಶ್ನೆ.

ಹಂಪೆಯ ಹರಿಹರನು ಚಾಮರಸನಿಗಿಂತ ಸುಮಾರು ಇನ್ನೂರು ವರ್ಷಗಳಿಗೂ ಹಿಂದಿನವನು. ಶರಣರ ಕಾಲಕ್ಕೆ ಸಮೀಪದವನು. ಅವನ ರಗಳೆಯಲ್ಲಿ ಅಲ್ಲಮನು ಬಳ್ಳಿಗಾವೆಯವನು. ಮದ್ದಳೆಯ ವಿದ್ಯೆ ಬಲ್ಲ ಸುಂದರ ತರುಣ. ಕಾಮಲತೆ ಎಂಬ ಕನ್ಯೆಯನ್ನು ಪ್ರೀತಿಸಿ ಕೈಹಿಡಿಯುತ್ತಾನೆ. ಸುಖದಲ್ಲಿ ಲೋಕವನ್ನೇ ಮರೆಯುತ್ತಾನೆ. ಆಕೆ ಜ್ವರ ಬಂದು ತೀರಿಕೊಳ್ಳುತ್ತಾಳೆ. ದುಃಖದಿಂದ ಹುಚ್ಚನಂತೆ ಅಲೆಯುತ್ತಾನೆ. ಒಂದು ತೋಟದಲ್ಲಿ ಮಂಕಾಗಿ ಕುಳಿತು ಕಾಲಿನ ಉಗುರಿನಿಂದ ನೆಲ ಕೆರೆಯುತ್ತಿರುವಾಗ ಹೊನ್ನಿನ ಕಳಸದ ತುದಿ ಕಾಣುತ್ತದೆ. ಅಗಿಸುತ್ತಾನೆ. ಕಳಸದ ಕೆಳಗೆ ಹೂತುಹೋದ ಗುಡಿ. ಬಾಗಿಲು ತೆರೆದು ಒಳಗೆ ಹೋದರೆ, ಅಂಗೈಯಲ್ಲಿ ಲಿಂಗವಿರಿಸಿಕೊಂಡು ಅದರಲ್ಲಿಯೇ ದೃಷ್ಟಿ ನೆಟ್ಟು ಕುಳಿತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ. ಅನಿಮಿಷಯ್ಯನ ಪ್ರಾಣ ಹೋಗುತ್ತದೆ.

ಚಾಮರಸನ ಅಲ್ಲಮನನ್ನು ಮಾಯೆ ಮುಟ್ಟಲೂ ಇಲ್ಲ. ಹರಿಹರನ ಅಲ್ಲಮನು ಮುಳುಗಿ ಎದ್ದವನು. ಪುರಾಣವನ್ನು ಬರಿಯ ವರದಿಯಂತೆ ಓದುವವರು ಇಲ್ಲಿ ಎರಡು ಪಕ್ಷ ಕಟ್ಟಿಕೊಂಡು ಜಗಳಾಡುತ್ತಾರೆ. ಇತಿಹಾಸ ಬರೆಯುವವರು ಶಾಸನ, ಹಸ್ತಪ್ರತಿಗಳನ್ನು ನೋಡಿ ತಮ್ಮ ನಿರ್ಣಯ ಹೇಳಲಿ. ಅದು ಅವರ ಕಾಯಕ, ಅದನ್ನು ನಾವು ಗೌರವಿಸಬೇಕು. ಸಾಧಕನಿಗೆ ಮಾತ್ರ ಎರಡೂ ಕಥೆಗಳು ಬೇಕು. ಹೇಗೆಂದರೆ, ಹರಿಹರನು ಜೀವನ ಕಡೆಯಿಂದ ಹೇಳಿದನು. ಚಾಮರಸನು ಅರಿವಿನ ಕಡೆಯಿಂದ ಹೇಳಿದನು. ಮೋಡದ ಕೆಳಗೆ ನಿಂತವನು 'ಸೂರ್ಯ ಮುಚ್ಚಿದ್ದನು, ಈಗ ತೆರೆದನು' ಎನ್ನುತ್ತಾನೆ. ಮೋಡದ ಮೇಲಿನಿಂದ ನೋಡಿದವನು 'ಸೂರ್ಯ ಯಾವಾಗ ಮುಚ್ಚಿದ್ದನು?' ಎಂದು ಕೇಳುತ್ತಾನೆ. ಇಬ್ಬರೂ ಕಂಡದ್ದನ್ನೇ ಹೇಳಿದರು. ನಾವು ದಾರಿ ನಡೆಯುವುದು ಹರಿಹರನ ಕಥೆಯಲ್ಲಿ. ಹೋಗಿ ಮುಟ್ಟಬೇಕಾದುದು ಚಾಮರಸನ ಕಥೆಯನ್ನು.

ಹರಿಹರನ ಕಥೆಯ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಿರಿ. ದುಃಖವಿಲ್ಲದಾಗ ಅಲ್ಲಮನು ನೆಲ ನೋಡಲಿಲ್ಲ. ಸುಖದಲ್ಲಿದ್ದಾಗ ಮನುಷ್ಯನ ಕಣ್ಣು ಸುತ್ತಲೂ ತಿರುಗುತ್ತದೆ. ದುಃಖ ಬಂದಾಗ ತಲೆ ತಾನಾಗಿ ಬಾಗುತ್ತದೆ. ಬಾಗಿದ ತಲೆಗೆ ಕಾಲಬುಡದ ಕಳಸ ಕಂಡಿತು. ೨೦೨೦-೨೧ರ ಮಹಾಮಾರಿಯಲ್ಲಿ ಎಷ್ಟು ಮನೆಗಳು ಬರಿದಾದವು! ಹೋದವರ ಮುಖವನ್ನು ಕೊನೆಗೊಮ್ಮೆ ನೋಡಲಾಗದವರೂ ನಮ್ಮಲ್ಲಿದ್ದಾರೆ. ಅಂಥವರು ಈ ಕಥೆ ಕೇಳಿದರೆ ಅವರಿಗೆ ಏನು ಹೇಳುತ್ತದೆ? 'ಅಳಬೇಡಿರಿ, ಎಲ್ಲ ಮಾಯೆ' ಎಂದು ಹೇಳುವುದಿಲ್ಲ. ಹಾಗೆ ಹೇಳುವುದು ಸುಲಭ. ಅದು ಕರುಣೆಯೂ ಅಲ್ಲ, ಧರ್ಮವೂ ಅಲ್ಲ. ಹರಿಹರನು ತನ್ನ ಅಲ್ಲಮನನ್ನು ಮನಸಾರ ಅಳಿಸಿದ್ದಾನೆ. ಕಥೆ ಹೇಳುವುದಿಷ್ಟೇ: ನೀವು ಎಲ್ಲಿ ಕುಸಿದು ಕುಳಿತಿರುವಿರೋ ಅದೇ ನೆಲದ ಕೆಳಗೆ ಗುಡಿಯಿದೆ. ಬೇರೆ ಊರಿಗೆ ಹೋಗಬೇಕಾಗಿಲ್ಲ. ಅಳು ಮುಗಿದ ಮೇಲೆ ಎದ್ದು ಹೋಗಿಬಿಡಬೇಡಿರಿ. ಅಲ್ಲಿಯೇ ಸ್ವಲ್ಪ ಅಗೆಯಿರಿ. 'ಹೋದದ್ದು ಯಾವುದು? ಉಳಿದದ್ದು ಯಾವುದು? ಈ ದುಃಖವನ್ನು ಅರಿಯುತ್ತಿರುವುದು ಯಾವುದು?' ಎಂಬ ವಿಚಾರವೇ ಆ ಅಗೆತ.

ಒಳಗಿರುವವನ ಹೆಸರು ಅನಿಮಿಷ. ಅನಿಮಿಷನೆಂದರೆ ರೆಪ್ಪೆ ಬಡಿಯದವನು. ನಮ್ಮ ಮನಸ್ಸು ಕ್ಷಣಕ್ಕೊಮ್ಮೆ ರೆಪ್ಪೆ ಬಡಿಯುತ್ತದೆ. ಮುಚ್ಚುತ್ತದೆ, ತೆರೆಯುತ್ತದೆ, ಬೇರೆ ಕಡೆ ಹೊರಳುತ್ತದೆ. ಈ ಎಲ್ಲ ಹೊರಳಾಟದ ಕೆಳಗೆ ರೆಪ್ಪೆ ಬಡಿಯದೆ ನೋಡುವುದೊಂದಿದೆ. ಅದು ಎಚ್ಚರದಲ್ಲಿಯೂ ಇದೆ, ಕನಸಿನಲ್ಲಿಯೂ ಇದೆ. ಅದೇ ನಮ್ಮೊಳಗಿನ ಗುರು.

ಇದನ್ನು ತಿಳಿದರೆ ನಮ್ಮ ದಿನನಿತ್ಯದ ಇಷ್ಟಲಿಂಗ ಪೂಜೆಯ ಅರ್ಥವೂ ತಿಳಿಯುತ್ತದೆ. ಕರಡಿಗೆಯಿಂದ ಲಿಂಗವನ್ನು ತೆಗೆದು ಎಡದ ಅಂಗೈಯಲ್ಲಿ ಇರಿಸಿಕೊಂಡು ದೃಷ್ಟಿಯನ್ನು ನೆಡುತ್ತೇವೆ. ಆಗ ನಾವು ಯಾರ ಕಥೆಯಲ್ಲಿದ್ದೇವೆ? ಅನಿಮಿಷಯ್ಯನ ಗುಡಿಯಲ್ಲಿಯೇ ಕುಳಿತಿದ್ದೇವೆ. ಗುರುವಿನ ಪ್ರಾಣ ಲಿಂಗದೊಡನೆ ಶಿಷ್ಯನ ಕೈಗೆ ಬಂದಿತೆಂಬುದು ಕಥೆಯಲ್ಲಿ ಒಮ್ಮೆ ನಡೆದದ್ದು. ದೀಕ್ಷೆ ಪಡೆದ ಪ್ರತಿಯೊಬ್ಬನ ಅಂಗೈಯಲ್ಲಿಯೂ ನಡೆಯಬೇಕಾದುದು. ಲಿಂಗ ಕೊರಳಲ್ಲಿದ್ದು ದೃಷ್ಟಿ ಪೇಟೆಯಲ್ಲಿದ್ದರೆ ಗುಡಿ ಇನ್ನೂ ಮಣ್ಣಿನ ಕೆಳಗೇ ಇದೆಯೆಂದು ತಿಳಿಯಬೇಕು.

ಗೋರಕ್ಷನ ಮೈಯ ಸದ್ದು

ಇನ್ನೊಂದು ಪ್ರಸಂಗ ನೋಡೋಣ. ಇದು ಪ್ರಭುಲಿಂಗಲೀಲೆಯಲ್ಲಿಯೂ ಇದೆ, 'ಶೂನ್ಯಸಂಪಾದನೆ'ಯಲ್ಲಿಯೂ ಇದೆ. ಸಿದ್ಧನಾದ ಗೋರಕ್ಷನು ಸಾಧನೆಯಿಂದ ತನ್ನ ಮೈಯನ್ನು ವಜ್ರದಂತೆ ಮಾಡಿಕೊಂಡಿದ್ದನು. ಕತ್ತಿಯಿಂದ ಹೊಡೆದರೆ ಖಣಿಲೆಂದು ಸದ್ದಾಯಿತೇ ಹೊರತು ಕೂದಲೂ ಕೊಂಕಲಿಲ್ಲ. ಆಮೇಲೆ ಅವನೇ ಪ್ರಭುದೇವರನ್ನು ಕತ್ತಿಯಿಂದ ಹೊಡೆದರೆ, ಕತ್ತಿ ಬಯಲಲ್ಲಿ ಬೀಸಿದಂತೆ ಆಚೆಗೆ ಹಾದುಹೋಯಿತು, ಸದ್ದೇ ಇಲ್ಲ. ಗೋರಕ್ಷನ ಗರ್ವ ಇಳಿಯಿತು.

ಇದನ್ನು ಕೇಳಿ 'ಆಹಾ, ಎಂಥ ಪವಾಡ!' ಎಂದು ತಲೆದೂಗಿ ಎದ್ದುಹೋದರೆ ಏನು ಬಂದಿತು? ನಮ್ಮಲ್ಲಿ ಗೋರಕ್ಷ ಎಲ್ಲಿದ್ದಾನೆ ನೋಡಿಕೊಳ್ಳಬೇಕು. ಐವತ್ತು ವರ್ಷ ತಪ್ಪದೆ ಪೂಜೆ ಮಾಡಿದವರಿರುತ್ತಾರೆ, ಉಪವಾಸ-ವ್ರತ ನಡೆಸಿದವರಿರುತ್ತಾರೆ, ಮಠಕ್ಕೆ ಧಾರಾಳವಾಗಿ ಕೊಟ್ಟವರಿರುತ್ತಾರೆ. ಎಲ್ಲವೂ ಒಳ್ಳೆಯದೇ. ಆದರೆ ಊರ ಸಭೆಯಲ್ಲಿ ಯಾರೋ ಒಬ್ಬ ಹುಡುಗನು 'ಅಜ್ಜಾ, ನೀವು ಹೇಳಿದ್ದು ತಪ್ಪು' ಎಂದನೆಂದಿಟ್ಟುಕೊಳ್ಳಿರಿ. ಆಗ ಒಳಗೆ ಖಣಿಲೆಂದು ಸದ್ದಾಗುತ್ತದೆಯೇ? ಆದರೆ, ಅಲ್ಲಿ ಗೋರಕ್ಷನಿದ್ದಾನೆ. ಇಷ್ಟು ವರ್ಷದ ಸಾಧನೆ ಮೈಗಟ್ಟಿ ಮಾಡಿತು, ಮನಸ್ಸನ್ನು ಬಯಲು ಮಾಡಲಿಲ್ಲ. ಆ ಮಾತು ತಾಗದೆ ಹಾದುಹೋಗಿ, 'ಹೌದೇ ತಮ್ಮಾ, ಎಲ್ಲಿ ತಪ್ಪಾಯಿತು ಹೇಳು' ಎಂದು ಕೇಳುವಂತಾದರೆ ಅಲ್ಲಿ ಪ್ರಭುದೇವರಿದ್ದಾರೆ. ಇದು ಕಾವಿ ಉಟ್ಟ ನಮಗೂ ಸಲ್ಲುವ ಮಾತು. ಪೀಠದ ಮೇಲೆ ಕುಳಿತವರಿಗೆ ಈ ಸದ್ದು ಇನ್ನೂ ಜೋರಾಗಿ ಆಗುವ ಸಂಭವವಿದೆ.

ಸಂಕೇತವು ನೆಪವಾಗಬಾರದು

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯ ಅಪಾಯವನ್ನೂ ಹೇಳದಿದ್ದರೆ ನಮ್ಮ ಮಾತು ಅರ್ಧವಾಗುತ್ತದೆ. ಎಲ್ಲವನ್ನೂ ಒಳಗಿನ ಸಂಕೇತವೆನ್ನಲು ಕಲಿತವನು ಬಹಳ ಜಾಣನಾಗಿಬಿಡುತ್ತಾನೆ. 'ದಾಸೋಹವೆಂದರೆ ಮನಸ್ಸನ್ನು ಅರ್ಪಿಸುವುದು, ಅನ್ನ ಹಾಕುವುದೇಕೆ?' ಎನ್ನುತ್ತಾನೆ. 'ಕಾಯಕವೆಂದರೆ ಅಂತರಂಗದ ದುಡಿಮೆ' ಎಂದು ಹೇಳಿ ಹೊರಗಿನ ದುಡಿಮೆ ಬಿಡುತ್ತಾನೆ. 'ಆತ್ಮಕ್ಕೆ ಜಾತಿಯಿಲ್ಲ' ಎಂದು ಪ್ರವಚನ ಹೇಳಿ, ಮನೆಯ ಪಂಕ್ತಿಯಲ್ಲಿ ಜಾತಿ ನೋಡುತ್ತಾನೆ! ಇದು ಅಂತರಂಗದ ಓದಲ್ಲ. ಅಂತರಂಗದ ಹೆಸರಿನಲ್ಲಿ ಜಾರಿಕೊಳ್ಳುವುದು.

ಸಿದ್ಧರಾಮೇಶ್ವರರ ಪ್ರಸಂಗ ಇಲ್ಲಿ ನಮಗೆ ದಾರಿ ತೋರಿಸುತ್ತದೆ. ಸೊನ್ನಲಿಗೆಯಲ್ಲಿ, ಅಂದರೆ ಈಗಿನ ಸೊಲ್ಲಾಪುರದಲ್ಲಿ, ಅವರು ಜನಹಿತಕ್ಕಾಗಿ ಕೆರೆ ಕಟ್ಟಿಸುತ್ತಿದ್ದರು. ಪ್ರಭುದೇವರು ಅಲ್ಲಿಗೆ ಬಂದು ಕಟುವಾದ ಮಾತುಗಳಿಂದ ಅವರನ್ನು ಎಚ್ಚರಿಸಿದರು. ಕೊನೆಗೆ ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಚೆನ್ನಬಸವಣ್ಣನವರಿಂದ ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯಾಯಿತು. ಇದರ ಅರ್ಥ ಕೆರೆ ಕಟ್ಟುವುದು ತಪ್ಪೆಂದೇ? ಅಲ್ಲ. 'ನಾನು ಕಟ್ಟಿದೆ' ಎಂಬ ಭಾವವು ಕೆರೆಯ ಏರಿಗಿಂತ ಎತ್ತರವಾಗಬಾರದು ಎಂದು ಅದರ ಅರ್ಥ. ಹೊರಗೆ ಕೆರೆ ತುಂಬಬೇಕು, ಒಳಗೆ 'ನಾನು' ಬತ್ತಬೇಕು. ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯ ಸುತ್ತಲೂ ಇಂದಿಗೂ ಕೆರೆಯ ನೀರು ನಿಂತಿದೆ. ಅಂತರಂಗದ ಸಂಕೇತವೆಂದು ಹೇಳಿ ಆ ನೀರನ್ನು ಇಲ್ಲವೆನ್ನಲಾದೀತೇ?

ಆದ್ದರಿಂದ ಓದುವವರು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಶರಣರು ಬೆಡಗಿನ ವಚನಗಳನ್ನು ಹೇಳಿದ್ದಾರೆ. ಅಲ್ಲಿ ಮರ, ಹಕ್ಕಿ, ಹುಲಿ, ಹಾವು ಎಲ್ಲವೂ ಬೇರೊಂದರ ಗುರುತು. ಅವುಗಳ ಅರ್ಥ ಬಿಡಿಸಲೆಂದೇ ಹಿಂದಿನವರು ಟೀಕೆಗಳನ್ನು ಬರೆದಿದ್ದಾರೆ. ಅಲ್ಲಿ ಸಂಕೇತವನ್ನು ಬಿಡಿಸಲೇಬೇಕು. ಕವಿಯು ಮಮಕಾರ, ಮೋಹಿನಿ ಎಂದು ಹೆಸರಿಟ್ಟು ಗುರುತು ಕೊಟ್ಟಲ್ಲಿಯೂ ಬಿಡಿಸಬೇಕು. ಆದರೆ ಸುಳ್ಳು ಹೇಳಬೇಡಿರಿ, ದುಡಿದು ಉಣ್ಣಿರಿ, ಹುಟ್ಟು ನೋಡಿ ಮನುಷ್ಯನನ್ನು ಅಳೆಯಬೇಡಿರಿ ಎಂದು ಶರಣರು ನೇರವಾಗಿ ಹೇಳಿದಲ್ಲಿ ಬಿಡಿಸುವುದೇನೂ ಇಲ್ಲ, ನಡೆಯುವುದೇ ಉಳಿದಿದೆ. ಹರಳಯ್ಯ-ಮಧುವರಸರ ಮನೆತನಗಳ ಸಂಬಂಧಕ್ಕಾಗಿ ಶರಣರು ಕಲ್ಯಾಣದಲ್ಲಿ ಪ್ರಾಣ ತೆತ್ತರೆಂದು ನಮ್ಮ ಪರಂಪರೆ ಹೇಳುತ್ತ ಬಂದಿದೆ. ಆ ರಕ್ತವನ್ನು ಸಂಕೇತವೆಂದು ಹೇಳಿ ಒರೆಸಿಹಾಕುವ ಅಧಿಕಾರ ಯಾರಿಗೂ ಇಲ್ಲ.

ನಮ್ಮ ಓದು ಸರಿಯೋ ತಪ್ಪೋ ಎಂದು ತಿಳಿಯುವ ಒರೆಗಲ್ಲು ಒಂದೇ. ಓದಿದ ಮೇಲೆ ಬೆರಳು ಯಾರ ಕಡೆ ತಿರುಗುತ್ತದೆ? 'ಆ ಮನುಷ್ಯನೇ ಮಮಕಾರ, ಈ ಹೆಣ್ಣುಮಗಳೇ ಮಾಯೆ, ಆ ಸ್ವಾಮಿಯೇ ಗೋರಕ್ಷ' ಎಂದು ನೆರೆಯವರ ಕಡೆ ತಿರುಗಿದರೆ ಓದು ಕೆಟ್ಟಿತು. ನನ್ನ ಕಡೆ ತಿರುಗಿ, ನನ್ನ ನಡೆಯನ್ನು ಒಂದು ಕೂದಲೆಳೆಯಷ್ಟಾದರೂ ಬದಲಿಸಿದರೆ ಓದು ಫಲಿಸಿತು. ಅರಿವು ಆಚಾರದಲ್ಲಿ ಕಾಣಬೇಕು. ಕಾಣದ ಅರಿವು ಬಿತ್ತದ ಬೀಜ.

ಕೇಳುವವನ ಆರು ಮೆಟ್ಟಿಲುಗಳು

ಷಟ್‌ಸ್ಥಲದಲ್ಲಿ ಆರು ಬಗೆಯ ಭಕ್ತಿಯನ್ನು ಹೇಳಿದೆ. ಭಕ್ತನದು ಶ್ರದ್ಧೆ, ಮಹೇಶನದು ನಿಷ್ಠೆ, ಪ್ರಸಾದಿಯದು ಅವಧಾನ, ಪ್ರಾಣಲಿಂಗಿಯದು ಅನುಭಾವ, ಶರಣನದು ಆನಂದ, ಐಕ್ಯನದು ಸಮರಸ. ಪುರಾಣವನ್ನು ಕೇಳುವ ಕ್ರಮಕ್ಕೂ ಇವನ್ನೇ ಹಿಡಿದುಕೊಳ್ಳಬಹುದೆಂದು ನಮಗೆ ತೋರುತ್ತದೆ.

ಮೊದಲು ಶ್ರದ್ಧೆಯಿಂದ ಕೇಳಿರಿ. ಹಿರಿಯರು ಇಷ್ಟು ಕಾಲ ಕಾಪಾಡಿದ್ದರಲ್ಲಿ ಏನೋ ಇದೆಯೆಂಬ ಗೌರವವಿರಲಿ. ಆಮೇಲೆ ನಿಷ್ಠೆ: ದಿನಕ್ಕೊಂದು ಗ್ರಂಥ ಬದಲಿಸಬೇಡಿರಿ. ಈಗ ಕೈಯೊಳಗಿನ ಫೋನಿನಲ್ಲಿ ನೂರು ಪ್ರವಚನಗಳು ಸಿಕ್ಕುತ್ತವೆ. ನೂರು ಕಡೆ ಒಂದೊಂದು ಮೊಳ ತೋಡಿದರೆ ನೀರು ಬಾರದು, ಒಂದೇ ಕಡೆ ನೂರು ಮೊಳ ತೋಡಬೇಕು. ಮೂರನೆಯದು ಅವಧಾನ: ಕಥೆ ಕೇಳುವಾಗಲೇ ಒಂದು ಕಣ್ಣು ನಿಮ್ಮ ಮನಸ್ಸಿನ ಮೇಲಿರಲಿ. ಯಾವ ಮಾತಿಗೆ ಅದು ನಕ್ಕಿತು, ಯಾವ ಮಾತಿಗೆ ಮುಖ ತಿರುವಿತು ನೋಡಿಕೊಳ್ಳಿರಿ. ಮುಖ ತಿರುವಿದ ಜಾಗದಲ್ಲಿಯೇ ನಮಗೆ ಬೇಕಾದ ಪಾಠವಿರುತ್ತದೆ. ಈ ಮೂರು ನಮ್ಮ ಕೈಯಲ್ಲಿವೆ. ಉಳಿದ ಮೂರು ತಾವಾಗಿ ಬರುತ್ತವೆ. ಹೀಗೆ ನೋಡುತ್ತ ನೋಡುತ್ತ ಕಥೆಯು ಕಥೆಯಾಗಿ ಉಳಿಯದೆ ಅನುಭಾವವಾಗುತ್ತದೆ. ಅನುಭಾವದಲ್ಲಿ ಆನಂದವಿದೆ. ಕೊನೆಗೆ ಓದುವವನು, ಓದು, ಗ್ರಂಥ ಎಂಬ ಮೂರೂ ಇಲ್ಲದ ಸಮರಸ. ಅಲ್ಲಿಗೆ ಗ್ರಂಥದ ಕೆಲಸ ಮುಗಿಯಿತು. ದಡ ಸೇರಿದ ಮೇಲೆ ದೋಣಿಯನ್ನು ಹೊತ್ತು ನಡೆಯುವವರಿಲ್ಲ.

ಸದ್ಭಕ್ತರೇ, ಬರುವ ಶ್ರಾವಣದಲ್ಲಿಯೂ ಪುರಾಣ ಹಚ್ಚಿರಿ. ಗ್ರಂಥಕ್ಕೆ ಪೂಜೆ ಮಾಡಿರಿ, ಹಾಡಿರಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಹುಗ್ಗಿ ಉಣ್ಣಿರಿ. ಆದರೆ ದಿನಾಲು ಪುರಾಣ ಮುಗಿದ ಮೇಲೆ, ಮನೆಗೆ ಹೋಗುವ ದಾರಿಯಲ್ಲಿ, ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿರಿ: 'ಇವತ್ತಿನ ಕಥೆಯಲ್ಲಿ ನಾನು ಯಾರಾಗಿದ್ದೆ?' ಮಮಕಾರನಾಗಿದ್ದೆನೆಂದು ಉತ್ತರ ಬಂದರೆ ನಾಚಿಕೆಪಡಬೇಕಾಗಿಲ್ಲ. ಕಂಡ ಮಸಿಯನ್ನು ತೊಳೆಯಬಹುದು. ಕಾಣದ ಮಸಿಗೆ ಮದ್ದಿಲ್ಲ. ಬದುವಿನ ಮೇಲೆ ನಿಂತ ಅಣ್ಣನು ತಮ್ಮನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ ದಿನವೇ ನಿಮ್ಮ ಊರಿನಲ್ಲಿ ಪುರಾಣ ಮಂಗಲವಾಯಿತೆಂದು ನಾವು ತಿಳಿಯುತ್ತೇವೆ.

ನಿಮ್ಮೆಲ್ಲರ ಎದೆಯೊಳಗಿನ ಹೂತ ಗುಡಿಯ ಕಳಸ ನಿಮ್ಮ ಕಣ್ಣಿಗೆ ಬೀಳಲಿ, ಅದನ್ನು ಅಗೆಯುವ ತಾಳ್ಮೆಯನ್ನು ಗುರು ಬಸವಾದಿ ಪ್ರಮಥರು ನಿಮಗೆ ದಯಪಾಲಿಸಲಿ ಎಂದು ಹಾರೈಸುತ್ತೇವೆ.